ನನ್ನ ನಕ್ಷತ್ರ, ಸುನಂದಾಳ ಕುಸುರೆಳ್ಳು

ತೊಂಬತ್ತರ ದಶಕದ ಆರಂಭದಲ್ಲಿ, ಧೂಳಿನ ಬಗ್ಗೆ ಓದಲು ಜಪಾನಿಗೆ ಬಂದ ನನ್ನನ್ನು ಮೊದಲ ದಿನವೇ ಧೂಳು ಒಳಗೆ ತರಬೇಡ ಎಂದು ಬಾಗಿಲಲ್ಲಿ ನಿಲ್ಲಿಸಿದರು. ಹೊಸ್ತಿಲ ಬಳಿಯ ತಗ್ಗಿಗೆ ಇಲ್ಲಿ ಗೆನ್‌ಕಾನ್ ಎನ್ನುತ್ತಾರೆ; ಚಪ್ಪಲಿ ಅಲ್ಲೇ ಬಿಡಬೇಕು. ಒಳಗೆ ಬೇರೆ ಚಪ್ಪಲಿ, ಪಾಯಖಾನೆಗೆ ಮತ್ತೊಂದು. ನಿಪ್ಪಾಣಿಯ ತಂಬಾಕಿನ ವಖಾರಿಗಳ ಮುಂದೆ ಸೀನುತ್ತಲೇ ಬೆಳೆದ ನನಗೆ ನಗು ಬಂತು. ಆಮೇಲೆ ಕೋಣೆಗೆ ಹೋಗಿ ಅತ್ತೆ.

ಎಳೆಯ ನಕ್ಷತ್ರದ ಸುತ್ತ ಧೂಳಿರುತ್ತದೆ. ಅದಕ್ಕೆ ತಾಗಿ ಚದುರಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಅಲುಗುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಆ ಅಲುಗಾಟವನ್ನು ಅಳೆದರೆ ಧೂಳಿನ ಕಣಗಳು ಬೆಳೆದಿವೆಯೇ ಎಂಬ ಸುಳಿವು ಸಿಗುತ್ತದೆ. ಮುಂದೆ ಗ್ರಹವಾಗುವುದು ಅದೇ ಧೂಳು. ನಾನೇ ಒಂದು ನಕ್ಷತ್ರ ಆರಿಸಿಕೊಂಡು ಅದರ ಲೆಕ್ಕದಲ್ಲಿ ಮುಳುಗಿದ್ದೆ.

ಆಗ ರಾಯಬಾಗದ ಸುನಂದಾ ನಮ್ಮ ವಿಭಾಗಕ್ಕೇ ಓದಲು ಬಂದಳು. ನಮ್ಮ ಕಡೆಯವಳೆಂದು ಖುಷಿಯಾಗಬೇಕಿತ್ತು, ಆಗಲಿಲ್ಲ. ನಾನು ವರ್ಷಗಟ್ಟಲೆ ತಡವರಿಸಿದ ಭಾಷೆಯನ್ನು ಅವಳು ಕಾಯಿಪಲ್ಯೆ ಚೌಕಾಸಿ ಮಾಡುತ್ತಲೇ ಕಲಿತಳು. ನಾವಿಬ್ಬರೂ ಬಾಡಿಗೆಗಿದ್ದ ಮನೆಯ ಒಡತಿ ನನಗೆ ಬರೀ ನಮಸ್ಕಾರ ಹೇಳುತ್ತಿದ್ದಳು, ಅವಳಿಗೆ ಉಪ್ಪಿನಕಾಯಿ ಕೊಡುತ್ತಿದ್ದಳು. ಬೆಟ್ಟದ ಮೇಲಿನ ದೂರದರ್ಶಕಕ್ಕೆ ಒಬ್ಬರನ್ನು ಮಾತ್ರ ಕರೆದೊಯ್ಯುತ್ತೇನೆ ಎಂದು ಸೆನ್ಸೇ, ಅಂದರೆ ನಮ್ಮ ಗುರುಗಳು, ಹೇಳಿದ್ದರು. ನಕ್ಷತ್ರ ನನ್ನದು, ನಾನೇ ಹೋಗಬೇಕು ಎಂದು ಹಟ ಹಿಡಿದಿದ್ದೆ.

ಸಂಕ್ರಾಂತಿಯ ದಿನ ಸುನಂದಾ ಬಾಣಲೆ ಹಿಡಿದು ಬಂದಳು.

"ಅಕ್ಕಾರ, ಕುಸುರೆಳ್ಳು ಮಾಡಾಕ ಹೋಗಿ ಪಾಕ ಎಲ್ಲಾ ಒಮ್ಮಿಗೇ ಸುರುವಿದೆ. ಮುದ್ದಿ ಆಗೇತ್ರಿ."

"ನಿಮ್ಮವ್ವ ಏನ್ ಕಲಿಸ್ಯಾಳ ನಿನಗ? ಹನಿ ಹನಿ ಬಿಡಬೇಕು."

ಸಣ್ಣ ಉರಿಯ ಮೇಲೆ ಬೇರೆ ಎಳ್ಳಿಟ್ಟು ಬೆರಳಿನಿಂದ ಆಡಿಸುತ್ತ ತೋರಿಸಿದೆ. ಒಂದೊಂದು ಕಾಳಿನ ಮೇಲೂ ಸಕ್ಕರೆ ಪದರಪದರವಾಗಿ ಕಟ್ಟಿತು. "ನಮ್ಮ ಧೂಳೂ ಹಿಂಗ ಬೆಳಿತಿರಬೇಕು ನೋಡು" ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಮರುದಿನ ವಿಭಾಗದ ಸಭೆಯಲ್ಲಿ ಅವಳು ಎಲ್ಲರ ಕೈಗೂ ಅದೇ ಕುಸುರೆಳ್ಳು ಹಾಕಿ, ಅದೇ ಮಾತನ್ನು ಜಪಾನಿ ಭಾಷೆಯಲ್ಲಿ ಹೇಳಿದಳು. ಅಕ್ಕ ಹೇಳಿಕೊಟ್ಟಿದ್ದು ಎಂದೂ ಸೇರಿಸಿದಳು, ಆದರೆ ಅಷ್ಟರಲ್ಲಿ ಎಲ್ಲರೂ ಬಾಯಿ ಚಪ್ಪರಿಸುತ್ತಿದ್ದರು. ಸೆನ್ಸೇ ಒಂದು ಕಾಳನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. ಬೆಟ್ಟಕ್ಕೆ ಕರೆದೊಯ್ಯಲು ಅವಳ ಹೆಸರನ್ನೇ ಹೇಳಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಕೊನೆಗೆ ನನ್ನ ಮುಂದೂ ಕೈ ಚಾಚಿದಳು.

"ಎಳ್ಳು ಸಕ್ಕರಿ ತಗೊಂಡು ಎಳ್ಳು ಸಕ್ಕರಿಯಂಗ ಇರೂಣ್ರಿ ಅಕ್ಕಾರ."

ನಮ್ಮ ಕಡೆ ಕೊಟ್ಟ ಕುಸುರೆಳ್ಳನ್ನು ಬೇಡ ಅನ್ನುವಂತಿಲ್ಲ, ತೆಗೆದುಕೊಂಡ ಮೇಲೆ ಜಗಳ ಆಡುವಂತಿಲ್ಲ. "ಇರೂಣ ತಗೋ" ಅಂದೆ. ಅವಳು ಜಪಾನಿನವಳಾಗಿದ್ದರೆ ನಾಲ್ಕು ಮಾತು ಬೈದೇಬಿಡುತ್ತಿದ್ದೆ.

ನನ್ನ ನಕ್ಷತ್ರದ ಸುತ್ತಲಿನ ಕಣಗಳು ಬೆಳೆದಿದ್ದವು. ಬೆಟ್ಟ ಇಳಿದು ಬಂದು ಅವಳೇ ಹೇಳಿದಳು. ಓದು ಮುಗಿಸಿ ಊರಿಗೆ ಮರಳಿದ ಅವಳು ಈಗ ಚಿಕ್ಕೋಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ನನಗೆ ಇಲ್ಲೇ ಕೆಲಸ ಸಿಕ್ಕಿತು, ಬೆಟ್ಟಕ್ಕೆ ಆಗಾಗ ಹೋಗುತ್ತಿರುತ್ತೇನೆ. ರಜೆಗೆ ನಿಪ್ಪಾಣಿಗೆ ಹೋದಾಗ ಮನೆಯೊಳಗೆ ಹಾಕಿಕೊಳ್ಳಲು ಚಪ್ಪಲಿ ಹುಡುಕುತ್ತೇನೆ, ಅವ್ವ ನಗುತ್ತಾಳೆ. ಇಲ್ಲಿ ಸಂಕ್ರಾಂತಿ ಬಂದರೆ ಬಾಣಲೆ ಇಟ್ಟು ಎಳ್ಳು ಆಡಿಸುತ್ತ ಕೂಡುತ್ತೇನೆ. ಅಲ್ಲಿ ಸುನಂದಾ ಓಣಿಯ ಮನೆಮನೆಗೂ ಹೋಗಿ ಕೊಟ್ಟು ಬರುತ್ತಿರುತ್ತಾಳೆ. ಬೆಟ್ಟದ ಹೊಟ್ಟೆಕಿಚ್ಚು ಎಂದೋ ಆರಿತು, ಆ ಓಣಿಯದು ಆರುತ್ತಿಲ್ಲ. ಕುಸುರೆಳ್ಳನ್ನು ತಾನೇ ಮಾಡಿ ತಾನೇ ತಿಂದರೆ ಆಗುವುದಿಲ್ಲ, ಯಾರಾದರೂ ಕೈಗೆ ಹಾಕಬೇಕು.