ರಸಮಟ್ಟ ಸರ್

ಮಿದುಳಿನ ಸ್ಕ್ಯಾನ್ ಚಿತ್ರಗಳನ್ನು ತಾಳೆ ನೋಡುವ ಇವರಿಗೆ ಲ್ಯಾಬಿನವರು ಇಟ್ಟ ಹೆಸರು ‘ರಸಮಟ್ಟ’. ಗಾರೆಯವನ ರಸಮಟ್ಟವಾದರೂ ಒಮ್ಮೊಮ್ಮೆ ಸುಳ್ಳು ಹೇಳೀತು, ಇವರ ಕಣ್ಣು ಹೇಳದು. ಹತ್ತಾರು ಜನರ ಮಿದುಳುಗಳನ್ನು ಒಂದೇ ಅಚ್ಚಿಗೆ ಹೊಂದಿಸಿ, ಸರಾಸರಿ ತೆಗೆದು, ಪರದೆಯ ಮೇಲೆ ಮಿದುಳು ಚುರುಕಾದ ಜಾಗ ತೋರಿಸುವ ಕೆಂಪು ಚುಕ್ಕೆಯೊಂದು ಮೂಡಿತೆಂದರೆ ಉಳಿದವರು ಆಗಲೇ ಸಂಶೋಧನಾ ಪ್ರಬಂಧಕ್ಕೆ ಹೆಸರು ಹುಡುಕುತ್ತಿರುತ್ತಾರೆ. ಇವರು ಮಾತ್ರ ಕನ್ನಡಕ ಒರೆಸಿಕೊಂಡು, “ಚುಕ್ಕೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಒಂದೊಂದೇ ತಲೆ ತೋರಿಸಿ,” ಎನ್ನುತ್ತಾರೆ. ಒಂದು ತಲೆ ಕೂದಲೆಳೆಯಷ್ಟು ವಾಲಿದ್ದರೂ ಅಂದಿನ ಟೀ ಅವರಿಗೆ ರುಚಿಸದು. ಎಡಬಲದ ವಿಷಯದಲ್ಲಂತೂ ಬ್ರಹ್ಮನೇ ಬಂದು ಹೇಳಿದರೂ ನಂಬುವವರಲ್ಲ. ಚಿತ್ರದಲ್ಲಿ ಎರಡೂ ಅದಲುಬದಲಾದರೆ ಗೊತ್ತಾಗಲೆಂದು, ಸ್ಕ್ಯಾನಿಗೆ ಮಲಗುವ ಪ್ರತಿಯೊಬ್ಬರ ಬಲಗಿವಿಯ ಮೇಲ್ಗಡೆ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಮೀನೆಣ್ಣೆ ಗುಳಿಗೆಯೊಂದನ್ನು ತಾವೇ ಅಂಟಿಸುತ್ತಾರೆ. ಒಮ್ಮೆ ಮಲಗಲು ಬಂದ ಪ್ರೊಫೆಸರರು, “ನನ್ನ ಬಲಗಡೆ ಯಾವುದು ಅಂತ ನನಗೆ ಗೊತ್ತಿಲ್ವೇನ್ರೀ?” ಎಂದರೆ, “ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ,” ಎಂದು ಅವರಿಗೂ ಅಂಟಿಸಿದರು. ಸಂಜೆ ಮನೆಯಲ್ಲಿ ಇವರು ಊಟಕ್ಕೆ ಕೂರುವುದು ಹೆಂಡತಿಯ ಎದುರು. ಪಾರ್ಶ್ವವಾಯು ಬಡಿದ ಮೇಲೆ ಆಕೆಯ ಪಾಲಿಗೆ ಎಡಗಡೆ ಎಂಬುದೇ ಇಲ್ಲವಾಗಿದೆ; ಅಲ್ಲಿ ಏನಿದ್ದರೂ ಗಮನಕ್ಕೇ ಬಾರದು. ತಟ್ಟೆಯ ಬಲಗಡೆಯ ಅರ್ಧ ಖಾಲಿಯಾದೊಡನೆ, “ನಂದು ಆಯ್ತು,” ಎಂದು ಆಕೆ ಕೈ ಹಿಂದಕ್ಕೆಳೆಯುತ್ತಾರೆ. ಊರಿಗೆಲ್ಲ ಎಡಬಲ ತಿದ್ದುವ ರಸಮಟ್ಟ ಆಗ ತಟ್ಟೆಯನ್ನು ಮೆಲ್ಲನೆ ಅರ್ಧ ಸುತ್ತು ತಿರುಗಿಸುತ್ತಾರೆ. “ಮತ್ತೆ ಬಡಿಸಿಬಿಟ್ರಾ? ಎಷ್ಟೂಂತ ತಿನ್ನಲಿ ನಾನು?” ಎಂದು ಆಕೆ ಗದರುತ್ತಾರೆ. “ತಪ್ಪಾಯ್ತು ಮಾರಾಯ್ತಿ, ಕೈತಪ್ಪಿ ಜಾಸ್ತಿ ಬಿತ್ತು,” ಎನ್ನುತ್ತಾರೆ, ಜೀವಮಾನದಲ್ಲಿ ಒಮ್ಮೆಯೂ ಕೈತಪ್ಪದ ಆ ಮನುಷ್ಯ.