ನಲವತ್ತೊಂದಕ್ಕೆ ಆರುವ ಫೋನು

ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ನೆಟ್ಟಗೆ ನಿಲ್ಲಲು ಆಗುವುದು ಅಕ್ಕನ ಅತ್ತೆಗೆ ಮಾತ್ರ. ಎಂಬತ್ತು ದಾಟಿದ ಆ ಅಜ್ಜಿ ವಯಸ್ಸಿಗೆ ಬಾಗಿ ಬಾಗಿ ಅಂಗಡಿಯ ಅಳತೆಗೆ ಸರಿಹೋಗಿದ್ದಾರೆ. ಮಿಕ್ಕವರು ಎಂಥ ದೊಡ್ಡ ಮನುಷ್ಯರಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಗೋಡೆಯ ಈಚೆ ನನ್ನ ಜೆರಾಕ್ಸ್ ಅಂಗಡಿ. ಹತ್ತೊಂಬತ್ತು ವರ್ಷದಿಂದ ಆಚೆಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇದೆ. ಕದ್ದು ಕೇಳಿದೆ ಅನ್ನಬೇಡಿ, ನಡುವೆ ಇರುವುದು ಬರೀ ಪ್ಲೈವುಡ್.

ಅಕ್ಕ ಫೋನ್ ರಿಪೇರಿ ಮಾಡುತ್ತಾಳೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೆ ಬೀದಿಗೆಲ್ಲ ಅಕ್ಕ ಆದ ಮೇಲೆ ನಾನೊಬ್ಬ ಬೇರೆ ರಾಗ ಎಳೆಯುವುದು ಚೆನ್ನಾಗಿರುವುದಿಲ್ಲ. ಬೆನ್ನ ಹಿಂದೆ ಮಾತ್ರ ಎಲ್ಲರೂ ಭೂತಗನ್ನಡಿ ಅನ್ನುತ್ತಾರೆ. ಹಣೆಗೆ ಪಟ್ಟಿ ಕಟ್ಟಿ, ಅದಕ್ಕೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗ್ಗೆ ಕೂತರೆ ಸಂಜೆಯವರೆಗೂ ತೆಗೆಯುವುದಿಲ್ಲ. ಒಮ್ಮೆ ಹಾಗೇ ತರಕಾರಿ ತರಲು ಹೋಗಿ ಅಂಗಡಿಯವನ ತಕ್ಕಡಿಯನ್ನು ಬಗ್ಗಿ ನೋಡಿದಳಂತೆ. ಅವನು ಹೆದರಿ ಎರಡು ಟೊಮೆಟೊ ಹೆಚ್ಚಿಗೆ ಹಾಕಿದನಂತೆ.

ಕೆಲಸ ಕಲಿತದ್ದು ಸೋದರಮಾವನ ರೇಡಿಯೊ ಅಂಗಡಿಯಲ್ಲಿ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆಯ ಮೂಕ ರೇಡಿಯೊವನ್ನು ಬಿಚ್ಚಿ ಮಾತಾಡಿಸಿದಳು. ಅಂದಿನಿಂದ ಅತ್ತೆ ಮಗನ ಪಕ್ಷ ಬಿಟ್ಟು ಸೊಸೆಯ ಪಕ್ಷ ಸೇರಿದರು. ಮಗ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಮನೆ, ಅಂಗಡಿ ಎರಡನ್ನೂ ಈ ಇಬ್ಬರು ಹೆಂಗಸರೇ ನಡೆಸುತ್ತಾರೆ. ಅತ್ತೆಯ ಖಾತೆ ತಿರುಪು. ಬಿಚ್ಚಿದ ಫೋನಿನ ತಿರುಪುಗಳನ್ನು ಬಿಳಿ ಹಾಳೆಯ ಮೇಲೆ, ಯಾವುದು ಯಾವ ಮೂಲೆಯದೋ ಆ ಮೂಲೆಯಲ್ಲೇ, ಸಾಲಾಗಿ ಇಡುತ್ತಾರೆ. ಆ ಹಾಳೆಯ ಹತ್ತಿರ ಯಾರಾದರೂ ಸೀನಿದರೆ ಮುಗಿಯಿತು ಕಥೆ.

ನಾನು ಸುಲಭಕ್ಕೆ ಬೆರಗಾಗುವವನಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವವನಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿ? ಆದರೂ ಒಂದು ಮಧ್ಯಾಹ್ನ ಅವಳ ಭೂತಗನ್ನಡಿಯಲ್ಲಿ ಕಣ್ಣಿಟ್ಟು ನೋಡಿದೆ. ಬರಿಗಣ್ಣಿಗೆ ಧೂಳಿನಂತೆ ಕಂಡ ಚೂರಿಗೆ ಎರಡು ಪಕ್ಕದಲ್ಲೂ ಬೆಳ್ಳಿಬಣ್ಣದ ಅಂಚು ಇತ್ತು. ಅಂಥದ್ದನ್ನು ಅಕ್ಕ ಚಿಮುಟದಲ್ಲಿ ಎತ್ತಿ ಅದರ ಜಾಗದಲ್ಲಿ ಕೂರಿಸಿ ಬೆಸುಗೆ ಹಾಕುತ್ತಾಳೆ. ಆ ಹೊತ್ತಿಗೆ ಉಸಿರು ಬಿಡುವುದಿಲ್ಲ. ಬಿಟ್ಟರೆ ಚೂರು ಹಾರಿಹೋಗುತ್ತದೆ. ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ. ಮನುಷ್ಯರ ಕೈಗೆ ಇಂಥದ್ದೂ ಸಾಧ್ಯ ಎಂದು ಅವತ್ತು ಗೊತ್ತಾಯಿತು. ಜೆರಾಕ್ಸ್ ಮಾಡಿಸಲು ಬಂದವರು ಕಾದು ಕಾದು ಬೈದುಕೊಂಡು ಹೋದರು.

ಅವಳದೊಂದು ಪದ್ಧತಿ ಇದೆ. ಪ್ರತಿ ಫೋನಿಗೂ ಒಂದು ಹಳದಿ ಚೀಟಿ ಬರೆದು ಕೊಡುತ್ತಾಳೆ. ಏನು ಕೆಟ್ಟಿತ್ತು, ಏನು ಮಾಡಿದೆ, ಈಗ ಹೇಗಿದೆ, ಕೆಳಗೆ ಸಹಿ. ಹಳೆ ಫೋನ್ ಮಾರುವವರು, ಕೊಳ್ಳುವವರು, ಜಗಳವಾಡುವ ಅಣ್ಣತಮ್ಮಂದಿರು ಎಲ್ಲರಿಗೂ ಆ ಚೀಟಿಯೇ ಪ್ರಮಾಣ. ಅದನ್ನು ತೋರಿಸಿದ ಮೇಲೆ ಮರುಮಾತಿಲ್ಲ.

ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಜೋಡಿಸುವ ಲೋಡರ್ ಒಬ್ಬ ಬಂದದ್ದು ಹೀಗಿರುವಾಗ. ಮೂವತ್ತರ ಆಸುಪಾಸಿನ ಆಳು, ಮಾತು ಕಡಿಮೆ. ಡ್ಯೂಟಿಯಲ್ಲಿ ಫೋನು ತಾನಾಗಿಯೇ ಆಫ್ ಆಗುತ್ತದೆ, ಆಗುವಾಗ ಶೇಕಡಾ ನಲವತ್ತರಷ್ಟು ಚಾರ್ಜ್ ಇರುತ್ತದೆ ಅಂದ. ಅಕ್ಕ ಒಂದು ಗಂಟೆ ಅದರಲ್ಲಿ ವಿಡಿಯೊ ಓಡಿಸಿದಳು, ಟಾರ್ಚ್ ಹಚ್ಚಿದಳು, ಮೀಟರ್ ಇಟ್ಟು ನೋಡಿದಳು. ಫೋನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಿತು. "ಯಾವ ದೋಷವೂ ಇಲ್ಲ" ಎಂದು ಚೀಟಿ ಬರೆದಳು. ಅವನು ತಲೆ ಕೆರೆದುಕೊಂಡು ಹೋದ.

ಹತ್ತು ದಿನಕ್ಕೆ ಮತ್ತೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಅಕ್ಕ, ನಿಮ್ಮ ಚೀಟೀನೇ ನನಗೆ ಉರುಳಾಯ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಾನು ಮಷಿನ್ ನಿಲ್ಲಿಸಿ ಎದ್ದು ಹೋದೆ.

ಅವನು ಹೇಳಿದ್ದು ಇಷ್ಟು. ಹೆಪ್ಪುಗಟ್ಟಿದ ಸರಕಿನ ದೊಡ್ಡ ಕೋಣೆಗೆ ಒಂದು ಹೊತ್ತಿಗೆ ಒಬ್ಬನೇ ಹೋಗುವುದು. ಬಾಗಿಲ ಪಕ್ಕದ ಹಲಗೆಯ ಮೇಲೆ ಹೆಸರು, ಹೊತ್ತು ಬರೆಯಬೇಕು. ಹೊರಗಿನ ಗೇಟು ಕಾಯುವ ಗೇಟಣ್ಣ ಕಾಲು ಗಂಟೆಗೊಮ್ಮೆ ಒಳಗಿದ್ದವನಿಗೆ ಫೋನ್ ಮಾಡುತ್ತಾನೆ. "ಹ್ಞೂಂ" ಅಂದರೆ ಸಾಕು. ಉತ್ತರ ಬರದಿದ್ದರೆ ಬಾಗಿಲು ತೆಗೆದು ಓಡಿ ಬರಬೇಕು, ಯಾಕೆಂದರೆ ಆ ಚಳಿಯಲ್ಲಿ ಬಿದ್ದವನು ಹೆಚ್ಚು ಹೊತ್ತು ಉಳಿಯುವುದಿಲ್ಲ. ಇವನ ಫೋನು ಮೂರು ಸಲ ಆಫ್ ಆಗಿ, ಗೇಟಣ್ಣ ಮೂರು ಸಲ ಓಡಿ ಬಂದಿದ್ದ. ಮೂರು ಸಲವೂ ಇವನು ಗಟ್ಟಿಮುಟ್ಟಾಗಿ ಪೆಟ್ಟಿಗೆ ಎತ್ತುತ್ತಿದ್ದ. ಹೊರಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಬಟನ್ ಒತ್ತಿದರೆ ಫೋನು ಜಮ್ಮೆಂದು ಹೊತ್ತಿಕೊಂಡು ನಲವತ್ತರ ಆಸುಪಾಸು ತೋರಿಸುತ್ತಿತ್ತು, ಕೊನೆಯ ಸಲ ನಲವತ್ತೊಂದು.

"ನಲವತ್ತೊಂದು ಇರೋ ಫೋನು ತಾನಾಗೇ ಆಫ್ ಆಗುತ್ತಾ, ಗೇಟಣ್ಣನ್ನ ಆಟ ಆಡಿಸ್ತಿದೀಯಾ ಅಂತ ಮ್ಯಾನೇಜರ್ ಸಾರ್ ಕೇಳಿದ್ರು. ನಾನು ರಿಪೇರಿಗೆ ತೋರಿಸ್ದೆ ಅಂತ ನಿಮ್ಮ ಚೀಟಿ ಕೊಟ್ಟೆ. ಅದ್ರಲ್ಲೇ ಇತ್ತಲ್ಲ, ದೋಷ ಇಲ್ಲ ಅಂತ. ಇನ್ಮೇಲೆ ಇವನ ಫೋನ್ ಆಫ್ ಆದ್ರೆ ಬಾಗಿಲು ತೆಗೀಬೇಡ ಅಂತ ಗೇಟಣ್ಣಂಗೆ ಆರ್ಡರ್ ಆಗಿದೆ."

"ಬೇರೆ ಫೋನ್ ತಗೋ, ಅದಕ್ಯಾಕಿಷ್ಟು ರಾಮಾಯಣ?" ಅಂದೆ ನಾನು.

"ಆರ್ಡರ್ ಇರೋದು ನನ್ನ ಮೇಲೆ ಅಣ್ಣ, ಫೋನ್ ಮೇಲಲ್ಲ. ಸುಳ್ಳುಗಾರ ಅಂತ ಆದ್ಮೇಲೆ ಯಾವ ಫೋನ್ ಆದ್ರೇನು? ಮೊನ್ನೆ ಒಂದು ಪೆಟ್ಟಿಗೆ ನನ್ನ ಭುಜ ಸವರಿಕೊಂಡು ಬಿತ್ತು. ತಲೆ ಮೇಲೆ ಬಿದ್ದಿದ್ರೆ ಯಾರು ಬರ್ತಿದ್ರು?"

ಅಕ್ಕ ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿದಳು. "ಫೋನ್ ಯಾವ ಜೇಬಲ್ಲಿ ಇಟ್ಕೋತೀಯ?"

"ಕೋಟಿನ ಹೊರಗಿನ ಜೇಬಲ್ಲಿ. ಮೊದ್ಲು ಅಂಗಿ ಜೇಬಲ್ಲಿ, ಎದೆ ಹತ್ರ ಇರ್ತಿತ್ತು. ಇದಕ್ಕೂ ಮುಂಚೆ ಒಂದ್ಸಲ ಫೋನಿಗೆ ಗಾಜು ಹಾಕಿಸೋಕೆ ಬಂದಾಗ ನೀವೇ ಹೇಳಿದ್ರಲ್ಲ, ಮೈಗೆ ಒತ್ಕೊಂಡು ಇಟ್ಕೋಬೇಡ, ಬಿಸಿಗೆ ಬ್ಯಾಟರಿ ಹಾಳಾಗುತ್ತೆ ಅಂತ. ಅವತ್ತಿಂದ ಹೊರಗಡೆ."

ಬಂದವರಿಗೆಲ್ಲ ಅವಳು ಹೇಳುವ ಬುದ್ಧಿಮಾತು ಅದು. ನಾನೇ ನೂರು ಸಲ ಕೇಳಿದ್ದೇನೆ. ಬಿಸಿಲಲ್ಲಿ ಓಡಾಡುವವರಿಗೆ ಸರಿಯಾದ ಮಾತೇ. ಇವನು ಎಲ್ಲಿ ದುಡಿಯುವವನು ಎಂದು ಅವಳು ಕೇಳಿರಲಿಲ್ಲ, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಎಂದು ಹೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ. ಅಕ್ಕನ ಮುಖದ ಬಣ್ಣ ಇಳಿದುಹೋಯಿತು. ಇಷ್ಟು ವರ್ಷದಲ್ಲಿ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಅತ್ತೆ ತಿರುಪಿನ ಹಾಳೆಯಿಂದ ತಲೆ ಎತ್ತದೆ ಅಂದರು: "ನಂಗೆ ಬೆನ್ನು ನೋವು ಅಂದ್ರೆ ಎಲ್ಲಿ ಮಲಗಿದ್ರಿ, ಎಷ್ಟು ಹೊತ್ತು ಮಲಗಿದ್ರಿ ಅಂತ ನೂರು ಪ್ರಶ್ನೆ ಕೇಳ್ತೀಯ. ಆ ಹುಡುಗನ್ನ ಒಂದೂ ಕೇಳ್ಲಿಲ್ಲ ನೋಡು."

"ಹೌದತ್ತೆ. ಕೇಳ್ಲಿಲ್ಲ."

"ಬೇರೆ ಚೀಟಿ ಬರೆದುಬಿಡು" ಅಂದೆ.

"ತಪ್ಪು ಬರೆದ ಕೈ ಇದು. ಇನ್ನೊಂದು ಬರೆದ್ರೆ ಅವರು ಯಾಕೆ ನಂಬ್ಬೇಕು? ನಡೀರಿ, ತೋರಿಸೋಣ."

ಫೋನು ಬಿಚ್ಚಿ ಬ್ಯಾಟರಿಯ ಎರಡು ತುದಿಗೂ ಕೂದಲಿನಷ್ಟು ತೆಳುವಾದ ತಂತಿ ಬೆಸೆದು ಹೊರಗೆ ತಂದಳು. ಚಾರ್ಜನ್ನು ಬೇಕೆಂದೇ ನಲವತ್ತರ ಆಸುಪಾಸಿಗೆ ಇಳಿಸಿ, ಮೀಟರ್ ಚೀಲಕ್ಕೆ ಹಾಕಿಕೊಂಡಳು. ಅಂಗಡಿ ಅತ್ತೆಯ ವಶಕ್ಕೆ ಬಂತು. ನನ್ನದಕ್ಕೆ ಬೀಗ ಹಾಕಿ ನಾನೂ ಹೊರಟೆ.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ. ಅವರ ಮೇಜಿನ ಮೇಲೆ ಅಕ್ಕನ ಹಳದಿ ಚೀಟಿ ಪೇಪರ್‌ವೇಟಿನ ಕೆಳಗೆ ಇತ್ತು. ಬಾಗಿಲು ಸುಮ್ಮನೆ ತೆಗೆದರೆ ಒಳಗಿನ ಚಳಿ ಹೋಗುತ್ತದೆ, ಸರಕು ಕರಗುತ್ತದೆ, ಮೇಲಿನವರಿಗೆ ಉತ್ತರ ಹೇಳುವವರು ಅವರು. "ಈ ಚೀಟಿ ಬರೆದವಳು ನಾನೇ, ಇದು ತಪ್ಪು" ಎಂದು ಅಕ್ಕ ನಿಂತೇ ಹೇಳಿದಾಗ ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ತಾನು ಮಾಡಿದ್ದು ತಪ್ಪು ಎನ್ನುವವರು ಆ ಕೋಣೆಗೆ ದಿನಾ ಬರುವುದಿಲ್ಲ ಎಂದು ಕಾಣುತ್ತದೆ. "ಬನ್ನಿ, ನಾನೂ ನೋಡ್ತೀನಿ" ಅಂದರು.

ಗೇಟಣ್ಣ ಆಗ ದೂರದ ಗೇಟಿನಲ್ಲಿ ಲಾರಿಯೊಂದನ್ನು ಹಿಂದಕ್ಕೆ ತೆಗೆಸುತ್ತಿದ್ದ. ನಮ್ಮನ್ನು ಅವನು ನೋಡಲಿಲ್ಲ. ಎಲ್ಲ ದಿನನಿತ್ಯದ ಹಾಗೇ ಇರಲಿ ಎಂದು ಅಕ್ಕ ಹೇಳಿದ್ದರಿಂದ ಹಲಗೆಯ ಮೇಲೆ ಲೋಡರನ ಹೆಸರೊಂದೇ ಏರಿತು, ಗೇಟಣ್ಣ ಫೋನ್ ಮಾಡುವುದು ಅದನ್ನು ನೋಡಿಕೊಂಡೇ. ಯಾರು ಯಾರೋ ತೊಟ್ಟ ದಪ್ಪ ಕೋಟುಗಳನ್ನು ನಾವು ನಾಲ್ವರೂ ಹಾಕಿಕೊಂಡು ಒಳಗೆ ಕಾಲಿಟ್ಟೆವು. ಹಿಂದೆ ಬಾಗಿಲು ದಬ್ಬನೆ ಮುಚ್ಚಿಕೊಂಡಿತು.

ಅಂಥ ಜಾಗವನ್ನು ನಾನು ಕಂಡಿರಲಿಲ್ಲ. ಉಸಿರು ಮೂಗಿನಿಂದ ಹೊರಟು ಕಣ್ಣೆದುರೇ ಬೆಳ್ಳಗಾಗುತ್ತಿತ್ತು. ಪೆಟ್ಟಿಗೆಗಳು ಸೂರಿನವರೆಗೆ ಸಾಲು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಅಂಚಿಗೂ ಬಿಳಿ ಹುಡಿ ಕಟ್ಟಿತ್ತು. ಮಾತಾಡಿದರೆ ಮಾತು ಪೆಟ್ಟಿಗೆಗಳೊಳಗೆ ಇಂಗಿಹೋಗುತ್ತಿತ್ತು. ರೆಪ್ಪೆಗಳು ಒಂದಕ್ಕೊಂದು ಅಂಟತೊಡಗಿದಾಗ ನನಗೆ ನಿಜವಾಗಿ ಭಯವಾಯಿತು. ಇಲ್ಲಿ ಒಬ್ಬನೇ ಬಿದ್ದಿರುವುದು ಹೇಗಿರುತ್ತದೆ ಎಂದು ಯೋಚಿಸಿದೆ, ಯೋಚನೆಯನ್ನು ಪೂರ್ತಿ ಮಾಡಲು ಧೈರ್ಯ ಬರಲಿಲ್ಲ.

ಲೋಡರ್ ಫೋನನ್ನು ಹೊರಗಿನ ಜೇಬಿಗೆ ಹಾಕಿಕೊಂಡು ಎಂದಿನಂತೆ ಪೆಟ್ಟಿಗೆ ಎತ್ತತೊಡಗಿದ. ಜೇಬಿನಿಂದ ಬಂದ ತಂತಿಗಳಿಗೆ ಮೀಟರ್ ಹಿಡಿದು ಅಕ್ಕ ಅವನ ಬೆನ್ನ ಹಿಂದೆಯೇ ನಡೆದಳು. ಗ್ಲೌಸಿನಲ್ಲಿ ಸಣ್ಣ ತಂತಿ ನಿಲ್ಲದೆ ಬಲಗೈಯದನ್ನು ಕಳಚಿದಳು. "ಬೇಡಕ್ಕ" ಅಂದೆ, ಕೇಳಲಿಲ್ಲ.

ಹದಿಮೂರು ನಿಮಿಷವಾದಾಗ ಅವನು ಫೋನು ಹೊರಗೆ ತೆಗೆದ. ನಲವತ್ತೊಂದು. ಬ್ಯಾಟರಿಯ ಬಲ ತೋರಿಸುವ ಮೀಟರಿನ ಅಂಕಿ ಆಗಲೇ ಸಾಕಷ್ಟು ಇಳಿದಿತ್ತು.

"ನಲವತ್ತೊಂದೇ ಇದೆಯಲ್ಲ" ಅಂದರು ಮ್ಯಾನೇಜರು.

"ಅದು ಲೆಕ್ಕದ ಊಹೆ ಸಾರ್." ಅಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. "ಫೋನು ಒಳಗೆ ಇಳಿದು ನೋಡಲ್ಲ. ಎಷ್ಟು ತುಂಬ್ಸಿದ್ರು, ಎಷ್ಟು ಖರ್ಚಾಯ್ತು ಅಂತ ಅಂದಾಜು ಹಾಕುತ್ತೆ. ಇದು ಮೂರು ವರ್ಷದ ಹಳೇ ಬ್ಯಾಟರಿ. ಚಳಿಗೆ ಜೇನು ಗಟ್ಟಿ ಆಗುತ್ತಲ್ಲ, ಬಾಟ್ಲಿ ಅರ್ಧ ತುಂಬಿರುತ್ತೆ, ಬಗ್ಗಿಸಿದ್ರೆ ಇಳಿಯಲ್ಲ. ಹಾಗೇ. ಸುಮ್ನಿದ್ದಾಗ ಹೇಗೋ ನಡೆಯುತ್ತೆ, ಫೋನ್ ಬಂದ್ರೆ ಒಂದೇ ಸಲಕ್ಕೆ ಜಾಸ್ತಿ ಬೇಕು—"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗೇಟಣ್ಣ. ಲೋಡರ್ ಹಸಿರು ಗುರುತು ಒತ್ತಿ "ಹ್ಞೂಂ" ಎನ್ನಲು ಬಾಯಿ ತೆರೆದ. ಮೀಟರಿನ ಅಂಕಿ ಒಮ್ಮೆಲೇ ಕುಸಿಯಿತು. ಪರದೆ ಕಪ್ಪಾಯಿತು. ಆರುವ ಗಳಿಗೆಯವರೆಗೂ ಅದರ ಮೂಲೆಯಲ್ಲಿ ನಲವತ್ತೊಂದು ಎಂದೇ ಇತ್ತು.

ನಾಲ್ವರೂ ಆ ಕಪ್ಪು ಗಾಜನ್ನು ನೋಡಿದೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮ್ಯಾನೇಜರು ಫೋನು ಇಸಿದುಕೊಂಡು ತಾವೇ ಬಟನ್ ಒತ್ತಿದರು, ಮತ್ತೆ ಒತ್ತಿದರು. ಅದು ಅಲುಗಲಿಲ್ಲ. ಆಮೇಲೆ ಅವರು ಮುಚ್ಚಿದ ಬಾಗಿಲ ಕಡೆ ತಿರುಗಿದರು. ತಾವು ಕೊಟ್ಟ ಆರ್ಡರ್ ನೆನಪಾಗಿರಬೇಕು. ಅವರ ತುಟಿ ನೀಲಿಯಾಗಿತ್ತು. ಅದು ಚಳಿಗೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಗಿಲು ಧಡಾರನೆ ತೆರೆದುಕೊಂಡಿತು. ಬಿಳಿ ಹೊಗೆಯ ನಡುವೆ ಗೇಟಣ್ಣ ಓಡಿ ಬಂದ. ಮೈಮೇಲೆ ಕೋಟಿಲ್ಲ, ತೆಳ್ಳನೆಯ ಅಂಗಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಅರವತ್ತರ ಹತ್ತಿರದ ಮುದುಕ.

"ತಮ್ಮಾ! ಎಲ್ಲಿದೀಯೋ? ತಮ್ಮಾ!"

ಮ್ಯಾನೇಜರು ಅವನ ದಾರಿಯಲ್ಲೇ ನಿಂತಿದ್ದರು. ಅವರನ್ನು ಪಕ್ಕಕ್ಕೆ ತಳ್ಳಿಕೊಂಡೇ ಹೋಗಿ ಲೋಡರನ ಎರಡೂ ಕೆನ್ನೆ ಹಿಡಿದುಕೊಂಡ. "ಬೆರಳು ಆಡಿಸು. ಹತ್ತೂ ಆಡಿಸು." ಬೆರಳು ಮರಗಟ್ಟಿದೆಯೋ ಎಂದು ತಿಳಿಯಲು, ಆ ಚಳಿಯಿಂದ ಹೊರಗೆ ಬರುವವರಿಗೆ ಮೊದಲು ಹೇಳುವ ಮಾತಂತೆ ಅದು. ಲೋಡರ್ ಗ್ಲೌಸ್ ಕಳಚಿ ಆಡಿಸಿದ. ಗೇಟಣ್ಣ ಒಂದೊಂದೇ ಬೆರಳು ಮುಟ್ಟಿ ನೋಡಿದ. ಆಮೇಲೆ ಅಕ್ಕನ ಬರಿಗೈ ಅವನ ಕಣ್ಣಿಗೆ ಬಿತ್ತು. ಧೂಳಿನಷ್ಟು ಚೂರನ್ನು ಎತ್ತಿ ಕೂರಿಸುವ ಆ ಬೆರಳುಗಳು ಸೆಟೆದು ನಿಂತಿದ್ದವು. ಅವನು ಅವುಗಳನ್ನು ತನ್ನ ಎರಡು ಅಂಗೈ ನಡುವೆ ಇಟ್ಟು ಉಜ್ಜಿದ. ಅಕ್ಕ ಚಿಕ್ಕ ಹುಡುಗಿಯ ಹಾಗೆ ಸುಮ್ಮನೆ ಕೈ ಕೊಟ್ಟು, ಆ ಮುದುಕನ ಬರಿಗಾಲನ್ನೇ ನೋಡುತ್ತಾ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

"ಬಾಗಿಲು ತೆಗೀಬೇಡ ಅಂದಿದ್ದೆನಲ್ಲ" ಎಂದರು ಮ್ಯಾನೇಜರು. ದನಿ ಬಹಳ ಸಣ್ಣದಾಗಿತ್ತು.

"ಅಂದಿದ್ರಿ ಸಾರ್" ಅಂದ ಗೇಟಣ್ಣ, ಇನ್ನೂ ಏದುಸಿರು ಬಿಡುತ್ತಾ. "ನೀವೂ ಬೆರಳು ಆಡಿಸಿ."

ಮ್ಯಾನೇಜರು ಗ್ಲೌಸ್ ಕಳಚಿ ಹತ್ತು ಬೆರಳನ್ನೂ ಅವನ ಮುಂದೆ ಚಾಚಿ ಆಡಿಸಿದರು.