ಬಸವಣ್ಣನ ನೆತ್ತಿಯ ಮೇಲೊಂದು ಬ್ರೇಕು

ಹಿಂದಿನ ಭಾನುವಾರ ನಾನು ದೇವರ ನೆತ್ತಿಯ ಮೇಲೆ ಮುಳುಗಿ ಸಾಯುವುದರಲ್ಲಿದ್ದೆ. ಅದೂ ನಮ್ಮ ಮನೆ ದೇವರಲ್ಲ, ಮಾವನ ಮನೆ ದೇವರು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. (ನನ್ನ ಹೆಂಡತಿ ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದ ಮೇಲೆ.)

ನನ್ನ ಬಾಮೈದ ಬೋರೇಗೌಡ ಬಸ್ ಡ್ರೈವರು. ನಾಗಮಂಗಲದಿಂದ ಬಿಂಡಿಗನವಿಲೆಗೆ ಆರು ವರ್ಷ ಧೂಳು ಕುಡಿಯುತ್ತಾ ಓಡಾಡಿದವನು. ಮಾಲೀಕರು ಬಸ್ಸು ಮಾರಿದರು, ಬೋರ ಮನೆಯಲ್ಲಿ ಕುಳಿತ. ಮೂರು ತಿಂಗಳಾಯಿತು. ಅವನ ಹೆಂಡತಿ ತುಂಬಿದ ಬಸುರಿ, ಕಿರಂಗೂರಿನ ತವರಿನಲ್ಲಿದ್ದಾಳೆ. ಕೆಲಸವಿಲ್ಲದ ಮುಖ ಹೊತ್ತು ಅಲ್ಲಿಗೆ ಹೋಗಲು ಇವನಿಗೆ ನಾಚಿಕೆ.

ಹೀಗಿರುವಾಗ ನಮ್ಮ ಕಡೆಯ ಬೆಲ್ಲದ ಸಾಹುಕಾರರೊಬ್ಬರು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಓಡಿಸಲು ಒಂದು ಸ್ಪೀಡ್ ಬೋಟು ತರಿಸಿದರು. ಕೆಂಪು ಬಣ್ಣ, ನಾಲ್ಕೈದು ಜನ ಹಿಡಿಸುವಷ್ಟು ಗಾತ್ರ. ಎಂಜಿನ್ನು ಹಿಂದುಗಡೆ ನೇತಾಡುತ್ತದೆ, ಸ್ಟೇರಿಂಗು ಕಾರಿನ ಹಾಗೆ ಮುಂದೆ. ಅವರು ಬೋರನನ್ನು ಕರೆಸಿ, ಒಂದು ವಾರ ಓಡಿಸಿ ಕಲಿತುಕೋ, ಸೋಮವಾರ ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತೇನೆ, ಯಾರ ಬಟ್ಟೆಯೂ ನೆನೆಯದಿದ್ದರೆ ಕೆಲಸ ನಿನ್ನದು ಎಂದರು. ಸ್ಟೇರಿಂಗ್ ಕಂಡದ್ದೇ ಬೋರನಿಗೆ ಸಾಕಾಯಿತು. ಬಸ್ಸಾದರೇನು, ಬೋಟಾದರೇನು?

ಬಹಳ ವ್ಯತ್ಯಾಸವಿದೆ ಎಂದು ಭಾನುವಾರ ಗೊತ್ತಾಯಿತು.

ಕೊನೆಯ ಪ್ರಾಕ್ಟೀಸಿಗೆ ಬೋಟಿನಲ್ಲಿ ಭಾರ ಇರಲೆಂದು ಅವನು ನನ್ನನ್ನೂ ನಮ್ಮ ಮಾವ ಸಿಂಗ್ರೇಗೌಡರನ್ನೂ ಹತ್ತಿಸಿಕೊಂಡ. ಆಷಾಢದಲ್ಲಿ ಅಳಿಯ ಮಾವನ ಮನೆ ಕಡೆ ಹೋಗಬಾರದು ಎನ್ನುತ್ತಾರೆ. ಅದು ಹೊಸ ಅಳಿಯನಿಗೆ ಮಾತ್ರ ಎಂದುಕೊಂಡಿದ್ದೆ. ನಾನು ಪಾಂಡವಪುರದ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ವಸ್ತುಗಳು ಯಾಕೆ ತೇಲುತ್ತವೆ ಎಂದು ವರ್ಷವರ್ಷವೂ ಪಾಠ ಮಾಡುತ್ತೇನೆ. ನನಗೆ ಈಜು ಬರುವುದಿಲ್ಲ. ಹಾಗಾಗಿ ಒಂದು ಲಾರಿ ಟ್ಯೂಬನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕುಳಿತಿದ್ದೆ.

ಗಾಳಿ ಜೋರಾಗಿತ್ತು, ನೀರು ಎದ್ದೆದ್ದು ಬರುತ್ತಿತ್ತು. ಬೋರ ಮೊದಲ ಅಲೆಗೆ ಬಸ್ಸು ನುಗ್ಗಿಸುವಂತೆ ನುಗ್ಗಿಸಿದ. ಬೋಟು ಮೇಲಕ್ಕೆ ಹಾರಿ, ಧೊಪ್ಪೆಂದು ಬಿತ್ತು. ನನ್ನ ಕನ್ನಡಕ ಬಾಯಿಗೆ ಬಂತು. ಎರಡನೆಯ ಅಲೆಗೆ ಅವನು ಕಾಲಿನಲ್ಲಿ ಏನನ್ನೋ ಜೋರಾಗಿ ಒತ್ತತೊಡಗಿದ. ಏನಪ್ಪಾ ಎಂದರೆ, ಬ್ರೇಕು ಹುಡುಕುತ್ತಿದ್ದೇನೆ ಬಾವ ಎಂದ. ಬೋಟಿಗೆ ಬ್ರೇಕ್ ಇರುತ್ತದೆಯೇ?

ಮಾವನಿಗೆ ಎಪ್ಪತ್ತು ದಾಟಿದೆ. ಅವರ ಹಿರಿಯರ ಊರು ಈ ನೀರಿನ ತಳದಲ್ಲಿದೆ. ಇವರೂ ಇದೇ ನೀರಿನಲ್ಲಿ ಬಹಳ ಕಾಲ ಹರಿಗೋಲು ಹಾಕಿದವರು. ಅವರು ಒಂದಿಷ್ಟೂ ಅಲುಗಾಡದೆ ಮಗನಿಗೆ ಹೇಳಿದರು.

"ನೆಟ್ಟಗೆ ಗುದ್ಬ್ಯಾಡ ಕಣ್ಲಾ, ಒಸಿ ವಾರೆ ಕೊಡು. ಅಲೆ ಏರೋವಾಗ ಒಸಿ ಜೋರು ಮಾಡು, ನೆತ್ತಿಗೆ ಬಂದೇಟ್ಗೆ ಕಮ್ಮಿ ಮಾಡು."

ಬೋರ ಹಾಗೇ ಮಾಡಿದ. ಬೋಟು ಹಾರುವುದು ನಿಂತು, ಏರಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಲಾಂಚು ಪಕ್ಕದಲ್ಲೇ ಹಾದು, ಸಾಲಾಗಿ ನಾಲ್ಕು ಅಲೆಗಳನ್ನು ನಮ್ಮ ಕಡೆ ನೂಕಿತು. ನಾನು ಟ್ಯೂಬಿನೊಳಗೆ ತಲೆ ತೂರಿಸಿದೆ. ತಲೆ ಹೊರಗೆ ತೆಗೆಯುವಷ್ಟರಲ್ಲಿ ನಾಲ್ಕನ್ನೂ ದಾಟಿದ್ದೆವು. ಬೋರ ನಗುತ್ತಿದ್ದ. ಮೂರು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು, ನನಗೆ ನಿಜವಾಗಿ ಸಂತೋಷವಾಯಿತು.

ಆಗ ಮಾವ ದಂಡೆ ನೋಡಿದರು. ಕುಂತಿಬೆಟ್ಟದ ತುದಿ, ದಡದ ಒಂಟಿ ಅರಳಿಮರ, ಎರಡೂ ಒಂದೇ ಗೆರೆಗೆ ಬಂದಿದ್ದವು. ಅದರ ಅರ್ಥ, ಕೆಳಗೆ ಅವರ ಊರಿನ ಬಸವಣ್ಣ. ಜನ ಗುಳೆ ಹೊರಟಾಗ ಎಂಟು ಜೊತೆ ಎತ್ತು ಕಟ್ಟಿ ಎಳೆದರೂ ಆ ಕಲ್ಲು ಅಲ್ಲಾಡಲಿಲ್ಲವಂತೆ, ಅಲ್ಲೇ ಬಿಟ್ಟು ಬಂದರಂತೆ. ಅಂದಿನಿಂದ ಹರಿಗೋಲಿನವರು ಆ ಜಾಗ ಬಂದರೆ ಹುಟ್ಟು ಎತ್ತಿ, ಕೈ ಮುಗಿದೇ ಮುಂದೆ ಹೋಗುವುದು.

"ಇಲ್ಲೇ ಕಣ್ಲಾ ಬಸವಣ್ಣ," ಎಂದರು ಮಾವ.

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬಸ್ಸಿನಲ್ಲಿ ಹೋಗಿ ನೋಡಿ. ದಾರಿಯಲ್ಲಿ ಎಷ್ಟು ಗುಡಿಗಳಿವೆಯೋ ಅಷ್ಟು ಸಲ ಡ್ರೈವರನ ಕೈ ಸ್ಟೇರಿಂಗ್ ಬಿಟ್ಟು ಹಣೆಗೆ ಹೋಗುತ್ತದೆ. ಯಾವ ಪ್ಯಾಸೆಂಜರಾದರೂ ಬೈದದ್ದುಂಟೇ? ಕೈ ಎತ್ತದಿದ್ದರೇ ನಮಗೆ ಭಯ. ಬೋರನದೂ ಅದೇ ಕೈ. ಪೂರ್ತಿ ವೇಗದಲ್ಲಿದ್ದ ಎಂಜಿನ್ನನ್ನು ಒಂದೇ ಏಟಿಗೆ ಸೊನ್ನೆಗೆ ಇಳಿಸಿ, ಎರಡೂ ಕೈ ಮುಗಿದು ಕಣ್ಣು ಮುಚ್ಚಿದ. ಮಾವ ಎದ್ದು ನಿಂತರು. ನಾನೂ ಎದ್ದೆ. (ನಾನು ಕೈ ಮುಗಿಯಲಿಲ್ಲ. ಚಪ್ಪಲಿ ಬಿಟ್ಟೆ, ಅಷ್ಟೆ.)

ಜೋರಾಗಿ ಓಡುವ ಬೋಟು ತನ್ನ ಬೆನ್ನಿಗೇ ಒಂದು ದಿಬ್ಬದಷ್ಟು ನೀರನ್ನು ಎಳೆದುಕೊಂಡು ಬರುತ್ತಿರುತ್ತದೆ. ಬೋಟು ನಿಂತರೆ ಅದು ನಿಲ್ಲುವುದಿಲ್ಲ. ಅದಕ್ಕೆ ಭಕ್ತಿಯಿಲ್ಲ. ನಾವು ಕಣ್ಣು ಬಿಡುವಷ್ಟರಲ್ಲಿ ನಮ್ಮದೇ ಅಲೆ ಹಿಂದಿನಿಂದ ಬಂದು, ಎಂಜಿನ್ನಿನ ಮೇಲೆ ಹಾದು, ಮೊಣಕಾಲಿನವರೆಗೆ ಬೋಟು ತುಂಬಿತು. ಎಂಜಿನ್ನು ಸತ್ತಿತು. ಬೋಟು ಗಾಳಿಗೆ ಅಡ್ಡ ತಿರುಗಿತು. ಅಷ್ಟು ಹೊತ್ತು ಏರಿ ಇಳಿದ ಅಲೆಗಳೇ ಈಗ ಪಕ್ಕದಿಂದ ಒಳಗೆ ಬರತೊಡಗಿದವು.

ನಾನು ಟ್ಯೂಬು ತಬ್ಬಿಕೊಂಡು ಹಿಂದಕ್ಕೆ ಓಡಿದೆ. ಹಿಂದೆ ಭಾರವಾಗಿ ಇನ್ನಷ್ಟು ನೀರು ಬಂತು. ಮಾವ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದು ಕೂರಿಸಿದರು. ಬಸವಣ್ಣನಿಗೆ ಹಾಲು ಬಿಡಲು ತಂದಿದ್ದ ಹಿತ್ತಾಳೆ ಚೊಂಬನ್ನು ಕೈಗೆ ಕೊಟ್ಟು, ಮೊಗೆಯಿರಿ ಮೇಷ್ಟ್ರೇ ಎಂದರು. ತಾವು ಬೋಟಿನಲ್ಲಿದ್ದ ಒಂದೇ ಹುಟ್ಟು ತೆಗೆದುಕೊಂಡು, ಮುಂದಿನ ತುದಿಯಲ್ಲಿ ಮಂಡಿಯೂರಿ, ಬೋಟಿನ ಮೂತಿಯನ್ನು ಅಲೆಗೆ ತಿರುಗಿಸಿ ಹಿಡಿದರು. ಬೋರ ಎಂಜಿನ್ನಿನ ಹಗ್ಗ ಎಳೆದ, ಎಳೆದ, ಎಳೆಯುತ್ತಲೇ ಇದ್ದ. ನಾನು ಎಷ್ಟು ಚೊಂಬು ನೀರು ಎತ್ತಿ ಹಾಕಿದೆನೋ ಆ ಬಸವಣ್ಣನಿಗೇ ಗೊತ್ತು. ನನ್ನ ಜೀವಮಾನದ ಅಭಿಷೇಕವೆಲ್ಲ ಅಂದೇ ಮುಗಿಯಿತು.

ಕೊನೆಗೆ ಎಂಜಿನ್ನು ಕೆಮ್ಮಿ ಶುರುವಾಯಿತು. ಬೋರನ ಎರಡೂ ಕೈ ಮತ್ತೆ ಮುಗಿಯಲು ಎದ್ದವು. ಮಾವ ಬೈಯಲಿಲ್ಲ.

"ಕೈಯ ಇಸ್ಟೇರಿಂಗ್ ಮ್ಯಾಲೆ ಮಡಗ್ಲಾ. ಅವ್ನು ಇಷ್ಟು ವರ್ಸದಿಂದ ನೀರಲ್ಲೇ ಅವ್ನೆ. ಕಾಯ್ತಾನೆ ಬುಡು."

ದಡಕ್ಕೆ ಬಂದು ಸೀಟು ಒಣಗಿಸಿ, ಎಂಜಿನ್ ಒರೆಸಿ, ಯಾರಿಗೂ ಹೇಳಬಾರದೆಂದು ಮೂವರೂ ಮಾತಾಡಿಕೊಂಡೆವು.

ಸೋಮವಾರ ನಾನು ಸ್ಕೂಲಿಗೆ ಜ್ವರ ಎಂದು ಬರೆದು ಕಳುಹಿಸಿ, ಮಾವನ ಜೊತೆ ದಡದಲ್ಲಿ ನಿಂತಿದ್ದೆ. ಸಾಹುಕಾರರು ಹೆಂಡತಿ, ತಾಯಿಯೊಂದಿಗೆ ಬೋಟು ಹತ್ತಿದರು. ಗಾಳಿ ಹಿಂದಿನ ದಿನಕ್ಕಿಂತ ಜೋರು. ಬೋರ ಅಲೆಗಳನ್ನು ಓರೆಯಲ್ಲಿ ಹಿಡಿದು, ಏರಿಸಿ, ಇಳಿಸಿ, ಹಾಲು ತುಂಬಿದ ಪಾತ್ರೆ ಒಯ್ಯುವಂತೆ ಬೋಟು ಒಯ್ದ. ಅರಳಿಮರದ ನೇರಕ್ಕೆ ಬಂದಾಗ ಸಾಹುಕಾರರ ತಾಯಿ, ಬಸವಣ್ಣ ಬಂದ, ನಿಲ್ಲಿಸು ಎಂದರಂತೆ. ಇವನು ನಿಲ್ಲಿಸಲಿಲ್ಲ. ವೇಗವನ್ನು ಇಷ್ಟಿಷ್ಟೇ ಇಳಿಸುತ್ತಾ ಮುಂದೆ ಹೋಗಿ, ದೊಡ್ಡದಾಗಿ ಬಳಸಿ ಬಂದು, ಮೂತಿಯನ್ನು ಅಲೆಗೆ ಹಿಡಿದು ನಿಧಾನವಾಗಿ ದಾಟಿಸಿದ. ಅವರೆಲ್ಲ ಕೈ ಮುಗಿದರು. ಬೋರನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

ದಡಕ್ಕೆ ಬಂದಾಗ ಅಜ್ಜಿಯ ಸೀರೆಯ ಅಂಚೂ ನೆನೆದಿರಲಿಲ್ಲ. ಅಜ್ಜಿ ಇಳಿದವರೇ ಮಗನಿಗೆ, ನಮಗೆಲ್ಲ ಕೇಳುವ ಹಾಗೆ ಹೇಳಿದರು.

"ದ್ಯಾವ್ರಿಗೆ ಕೈ ಎತ್ದೆ ಇರೋನ ಕೈಗೆ ಮನೆಮಕ್ಳ ಜೀವ ಕೊಡ್ತೀಯೇನಪ್ಪಾ?"

ಸಾಹುಕಾರರು ಕಾರಿನ ಕೀ ತೆಗೆದರು. ಬೋರ ಕೈ ಎತ್ತದ ಕಾರಣ ಹೇಳಬೇಕೆಂದರೆ ಭಾನುವಾರದ ಕತೆ ಹೇಳಬೇಕು. ಬೋಟು ಮುಳುಗಿಸಲು ಹೊರಟಿದ್ದವನಿಗೆ ಯಾರು ಕೆಲಸ ಕೊಡುತ್ತಾರೆ? ನಾನು ಬಾಯಿ ತೆರೆದೆ. ಬೋರ ನನ್ನ ಕೈ ಒತ್ತಿ ಹಿಡಿದ. ಆಮೇಲೆ ತಿಳಿಸುತ್ತೇನೆ ಎಂದು ಸಾಹುಕಾರರು ಕಾರು ಹತ್ತಿದರು. ಆ ಮಾತಿಗೆ ಏನು ಅರ್ಥ ಎಂದು ನಿಮಗೆ ಗೊತ್ತಲ್ಲ?

ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು, ಬಸವಣ್ಣನ ಮೇಲೆ ಇನ್ನೂ ಜಾಸ್ತಿ ಬಂತು. ಮಾವನಿಗೆ ಮಾತ್ರ ಬರಲಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು, ಹೋಗು, ಕಿರಂಗೂರಿಗೆ ಹೋಗಿ ಹೆಂಡತಿಯನ್ನು ನೋಡಿಕೊಂಡು ಬಾ ಎಂದರು. ಬೋರ ಸಂಜೆಯ ಬಸ್ಸಿಗೆ ಹೋದ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವಾದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಹೊಸ ಡ್ರೈವರು ಬಂದಿದ್ದಾನಂತೆ. ಹಣೆ ತುಂಬ ವಿಭೂತಿ, ಸ್ಟೇರಿಂಗಿಗೆ ಹೂವಿನ ಹಾರ. ಬಸವಣ್ಣನ ಜಾಗ ಬಂದ ಕೂಡಲೇ ಬೋಟು ಗಕ್ಕನೆ ನಿಲ್ಲಿಸಿ, ಎದ್ದು ನಿಂತು, ಎರಡೂ ಕೈ ಮುಗಿಯುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದಾನಂತೆ.

ಸಾಹುಕಾರರ ಮನೆಯಲ್ಲಿ ಯಾರಿಗಾದರೂ ಈಜು ಬರುತ್ತದೆಯೇ?